ಅಣ್ಣನ ವಿಮಾನ, ಆನೆಯ ಕಾಲು

ಕಟ್ಟುಹಲ್ಲು ಮಾಡುವುದರಲ್ಲಿ ಆಕೆಯ ಕೈಗೆ ಎದುರಿಲ್ಲ ಎಂದು ಊರಿನ ಮೂವರು ದಂತವೈದ್ಯರೂ ಒಪ್ಪುತ್ತಾರೆ. ಮನೆಯಲ್ಲಿ ಮಾತ್ರ ಆಕೆಗಿರುವುದು ಒಂದೇ ಹೆಸರು: ಆನೆ. ಏಳನೆಯ ವಯಸ್ಸಿನಲ್ಲಿ, ಅಣ್ಣ ಕಟ್ಟುತ್ತಿದ್ದ ಪ್ಲಾಸ್ಟಿಕ್ ಯುದ್ಧವಿಮಾನದ ಗಾಜಿನಂಥ ಮುಚ್ಚಳವನ್ನು, ಅಂದರೆ ಪೈಲಟ್ ತಲೆಯ ಮೇಲೆ ಕೂರುವ ಆ ಪಾರದರ್ಶಕ ಗೂಡನ್ನು, ಓಡಿಬರುವಾಗ ಬಾಗಿಲ ಹಿಂದೆ ನೆಲದ ಮೇಲೆ ತುಳಿದು ಎರಡು ಹೋಳು ಮಾಡಿದ್ದಕ್ಕೆ ಸಿಕ್ಕ ಬಿರುದು ಅದು. ಈಗ ಆಕೆಗೆ ಐವತ್ತಮೂರು, ಗಾಳಿ ಬಂದರೆ ಹಾರಿಹೋಗುವಂಥ ಮೈ. ಆದರೂ ಅಣ್ಣನ ಮೊಮ್ಮಗಳು ಕೂಡ ಕರೆಯುವುದು ‘ಆನೆ ಅಜ್ಜಿ’ ಎಂದೇ.

“ಅದನ್ನ ಮೊದಲಿದ್ದ ಹಾಗೆ ಮಾಡಿಕೊಡು, ಅವತ್ತೇ ಹೆಸರು ವಾಪಸ್ ತಗೋತೀನಿ” ಎಂದು ಅಣ್ಣ ಅಂದೇ ಹೇಳಿದ್ದ. ಹದಿನಾಲ್ಕರ ಹುಡುಗ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕಿದವನು ಮತ್ತೆ ಯಾವ ವಿಮಾನವನ್ನೂ ಕಟ್ಟಲಿಲ್ಲ. ದೊಡ್ಡವನಾಗಿ ಬಸ್ಸು ಓಡಿಸಿದ. ಅವನ ವಿಮಾನದ ಆಸೆಯನ್ನು ನಾನೇ ತುಳಿದುಬಿಟ್ಟೆ ಎಂಬುದು ಆಕೆಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ತಿನ್ನುವುದರಲ್ಲಿ ದೊಡ್ಡ ಪಾಲು, ಕಿಟಕಿ ಪಕ್ಕದ ಮಂಚ, ಎಲ್ಲವನ್ನೂ ಅವನಿಗೇ ಬಿಟ್ಟುಕೊಟ್ಟು ಬೆಳೆದವಳು ಆಕೆ.

ಈ ಭಾನುವಾರ ಅಣ್ಣನ ನಿವೃತ್ತಿಯ ಊಟ. ಮೂರು ವಾರದ ಹಿಂದೆ ಅಟ್ಟ ಗುಡಿಸುವಾಗ ಅತ್ತಿಗೆಗೆ ಆ ಪೆಟ್ಟಿಗೆ ಸಿಕ್ಕಿತ್ತು. ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಗುಟ್ಟಾಗಿ ಆಕೆಯ ಕೈಗಿಟ್ಟಿದ್ದಳು.

“ಎಸೀಬೇಕೋ ಇಟ್ಕೋಬೇಕೋ ನೀನೇ ನೋಡು. ಈ ವಿಷಯ ಎತ್ತಿದ್ರೆ ಸಾಕು, ನಿಮ್ಮಣ್ಣ ಮುಖ ತಿರುಗಿಸ್ಕೊಂಡು ಎದ್ದು ಹೋಗ್ತಾರೆ.”

ಎಸೆಯುವುದುಂಟೇ! ಆಕೆ ದಿನವೂ ಕೆಲಸ ಮುಗಿಸಿ, ಹಲ್ಲುಗಳನ್ನು ಒಂದು ಪಕ್ಕಕ್ಕೆ ಸರಿಸಿ, ವಿಮಾನದ ಮುಂದೆ ಕೂತಳು. ಹಳೆಯ ಕಾಲದ ಅಚ್ಚು, ರೆಕ್ಕೆಯ ತುಂಬ ಬೆವರುಸಾಲೆಯಂತೆ ಎದ್ದ ಮೊಳೆತಲೆಗಳು. ಅವನ್ನೆಲ್ಲ ಮರಳುಕಾಗದದಿಂದ ಉಜ್ಜಿ, ಮೇಣ ಕೆತ್ತುವ ಸಣ್ಣ ಚಾಕುವಿನಿಂದ ನಿಜವಾದ ವಿಮಾನದಲ್ಲಿ ತಗಡುಗಳು ಕೂಡುವ ಕಡೆ ಕಾಣುವಂಥ ಗೆರೆಗಳನ್ನು ಹೊಸದಾಗಿ ಕೊರೆದಳು. ಮುಚ್ಚಿಕೊಂಡಿದ್ದ ಹೊಗೆಕೊಳವೆಗಳನ್ನು ಹಲ್ಲು ಕೊರೆಯುವ ಸೂಜಿಯಿಂದ ಟೊಳ್ಳು ಮಾಡಿದಳು. ಪೈಲಟ್ ಕುರ್ಚಿ ಬರೀ ಒಂದು ಗುಬುಟು. ಅದನ್ನು ಕಿತ್ತು, ಹೊಸದನ್ನು ಕೂರಿಸಿ, ಬಣ್ಣದ ಟ್ಯೂಬಿನ ತಗಡು ಕತ್ತರಿಸಿ ಬೆಲ್ಟು ಕಟ್ಟಿದಳು. ಒಂದೊಂದು ಮುಗಿದಾಗಲೂ ಎದ್ದು ನಿಂತು, ಕೈ ಚಾಚಿ ಹಿಡಿದು, ಕೋಣೆಯಲ್ಲಿ ಒಂದು ಸುತ್ತು ಹಾರಿಸುತ್ತಿದ್ದಳು. ಬಾಯಲ್ಲಿ ಎಂಜಿನ್ ಸದ್ದೂ ಬರುತ್ತಿತ್ತು, ಸುಳ್ಳೇಕೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಆ ಮುಚ್ಚಳ ಒಂದೇ. ಉಪಾಯ ಮೊದಲೇ ಹೊಳೆದಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಪಾರದರ್ಶಕ ಕವಚ ಮಾಡುವ ಯಂತ್ರ ಮೂಲೆಯಲ್ಲೇ ಇತ್ತಲ್ಲ! ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಇಳಿಸಿದರೆ ಯಂತ್ರ ಗಾಳಿ ಎಳೆದು ಹಾಳೆಯನ್ನು ಅಚ್ಚಿಗೆ ಅಂಟಿಸುತ್ತದೆ. ಹಳೆಯ ಎರಡು ಹೋಳುಗಳನ್ನು ಜೋಡಿಸಿ ಒಳಗೆ ಪ್ಲಾಸ್ಟರ್ ಸುರಿದರೆ ಅಚ್ಚು ಸಿದ್ಧ.

ಹೋಳುಗಳ ಮೇಲೆ ಮಂಜು ಕವಿದಂಥ ಕಲೆ ಇತ್ತು. ಒರೆಸಿದರೆ ಹೋಗಲಿಲ್ಲ, ತೊಳೆದರೂ ಹೋಗಲಿಲ್ಲ. ದೀಪ ಎಳೆದುಕೊಂಡು ಭೂತಗನ್ನಡಿ ಹಿಡಿದಳು.

ಹೆಬ್ಬೆಟ್ಟಿನ ಗುರುತು!

ಪ್ಲಾಸ್ಟಿಕ್ಕಿಗೆ ಹಚ್ಚುವ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಅಂಟು ಮೆತ್ತಿದ ಬೆರಳಿಂದ ಮುಟ್ಟಿದರೆ ಮುಗಿಯಿತು, ಗುರುತು ಜನ್ಮಕ್ಕೂ ಹೋಗದು. ಈ ಗುರುತು ಏಳು ವರ್ಷದವಳದಲ್ಲ, ದೊಡ್ಡದು. ನಡುವೆ ಓರೆಯಾಗಿ ಒಂದು ಗೆರೆ: ಅಣ್ಣ ಚಿಕ್ಕವನಿದ್ದಾಗ ಡಬ್ಬಿಯ ಮುಚ್ಚಳದಿಂದ ಕುಯ್ದುಕೊಂಡ ಗಾಯದ್ದು. ಬಿರುಕು ಆ ಗುರುತನ್ನೇ ಸೀಳಿಕೊಂಡು ಹೋಗಿತ್ತು. ಅಂದರೆ ಬೆರಳು ಮೊದಲು ಬಿದ್ದಿತ್ತು, ಆಕೆಯ ಕಾಲು ಆಮೇಲೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ನಿಜ. ಅಣ್ಣನ ಹೆಬ್ಬೆರಳಿಗೆ ಮಾತ್ರ ಭೂತಗನ್ನಡಿಯೇ ಬೇಕಾಯಿತು. ನಲವತ್ತಾರು ವರ್ಷ! ಆಕೆಗೆ ಮೈಯೆಲ್ಲ ಉರಿಯಿತು. ಆಮೇಲೆ, ಮುಚ್ಚಳವನ್ನು ಬಾಗಿಲ ಹಿಂದೆ ಇಟ್ಟು ಹೊಂಚಿ ಕೂತಿದ್ದ ಹದಿನಾಲ್ಕರ ಪೋರ ಕಣ್ಣಿಗೆ ಕಟ್ಟಿ ನಗು ಒತ್ತರಿಸಿ ಬಂತು. ಎದೆಯ ಮುಳ್ಳು ಯಾವಾಗ ಕಳಚಿತೋ, ಮೈ ಹಗುರಾಗಿತ್ತು. ಇನ್ನು ಇದು ಪ್ರಾಯಶ್ಚಿತ್ತವಲ್ಲ, ಹಟ. ಅವನು ಕೆಡಿಸಿದ್ದಕ್ಕಿಂತ ಚೆನ್ನಾಗಿ ಮಾಡಿ ತೋರಿಸಬೇಕು!

ಮೊದಲ ಹಾಳೆ ಸುಕ್ಕಾಯಿತು. ಎರಡನೆಯದರಲ್ಲಿ ಗುಳ್ಳೆ ಎದ್ದಿತು. ಮೂರನೆಯದಕ್ಕೆ ಉಸಿರು ಬಿಗಿಹಿಡಿದು ಹಿಡಿಯನ್ನು ಒತ್ತಿದಳು. ಹಾಳೆ ಸರ್ರನೆ ಇಳಿದು ಅಚ್ಚನ್ನು ತಬ್ಬಿಕೊಂಡಿತು. ಕತ್ತರಿಸಿ ಬೆಳಕಿಗೆ ಹಿಡಿದರೆ ನೀರಿನಷ್ಟು ತಿಳಿ! “ಬಂತು! ಬಂತು!” ಎಂದು ಖಾಲಿ ಕೋಣೆಯಲ್ಲಿ ಕುಣಿದಳು. ಆನೆ ಎಂದು ಕರೆಸಿಕೊಂಡವಳು ಗುಬ್ಬಿಯಂತೆ ಜಿಗಿಯುತ್ತಿದ್ದಳು.

ಭಾನುವಾರ ಊಟ ಮುಗಿದ ಮೇಲೆ ವಿಮಾನವನ್ನು ಮೇಜಿನ ಮೇಲಿಟ್ಟಳು. ಅಣ್ಣ ಕುರ್ಚಿ ಬಿಟ್ಟು ಎದ್ದೇಬಿಟ್ಟ.

“ಅಯ್ಯೋ, ಹೊಗೆಕೊಳವೆ ನೋಡೇ! ಬೆಲ್ಟು! ಇದೆಲ್ಲ ಪೆಟ್ಟಿಗೇಲಿ ಇರಲೇ ಇಲ್ಲ ಕಣೇ!”

ಬಗ್ಗಿ ಬಗ್ಗಿ ನೋಡಿದವನ ಕಣ್ಣು ಹೊಸ ಮುಚ್ಚಳದ ಮೇಲೆ ನಿಂತಿತು. ಆಕೆ ಕಟ್ಟುಹಲ್ಲು ಹಾಕಿಕೊಡುವ ಪುಟ್ಟ ಡಬ್ಬಿಯೊಂದನ್ನು ಅವನತ್ತ ಸರಿಸಿದಳು. ಒಳಗೆ ಹಳೆಯ ಹೋಳುಗಳು, ಕಲೆ ಮೇಲಾಗಿ.

“ಅಣ್ಣ, ಅವತ್ತು ಇದನ್ನ ನೆಲದ ಮೇಲೆ ಯಾಕಿಟ್ಟಿದ್ದೆ? ಅದೂ ಬಾಗಿಲ ಹಿಂದೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಣ್ಣನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಸೇರಿಕೊಂಡಿತು. ಕುರ್ಚಿಯಲ್ಲಿ ಕುಸಿದು ಕೂತ.

“ತಾವು ಬರೋವರೆಗೂ ಅಂಟು ಮುಟ್ಟಬೇಡ ಅಂತ ಅಪ್ಪ ಅಂದಿದ್ರು. ಮುಟ್ಟಿ ಕೆಡಿಸಿದೆ. ಹೆದರಿಕೆ ಆಯ್ತು. ನೀನು ಓಡ್ಕೊಂಡೇ ಬರ್ತೀಯ ಅಂತ ಗೊತ್ತಿತ್ತು.” ಡಬ್ಬಿಯನ್ನು ಮೆಲ್ಲಗೆ ಮುಚ್ಚಿದ. “ಆಮೇಲೆ ಅದರ ಮುಖ ನೋಡೋಕೂ ಆಗ್ಲಿಲ್ಲ ಪುಟ್ಟಿ.”

ಪುಟ್ಟಿ. ಆ ಹೆಸರನ್ನು ಅವನ ಬಾಯಲ್ಲಿ ಆಕೆ ಕೇಳಿದ್ದು ಏಳನೆಯ ವಯಸ್ಸಿಗೇ ಕೊನೆ. ಕಣ್ಣು ತುಂಬಿ ಬಂದರೂ ಬಾಯಿ ಸುಮ್ಮನಿರಲಿಲ್ಲ. “ಹೆಸರು ವಾಪಸ್ ತಗೋತೀಯೋ ಇಲ್ವೋ?”

ಮೊಮ್ಮಗಳು ಇಬ್ಬರ ಮುಖವನ್ನೂ ನೋಡಿದಳು. “ತಾತ, ಪುಟ್ಟಿ ಯಾರು? ಇವರು ಆನೆ ಅಜ್ಜಿ ಅಲ್ವಾ?”

“ಅಲ್ಲಮ್ಮ” ಎಂದ ಅಣ್ಣ, ಕಣ್ಣೊರೆಸಿಕೊಳ್ಳುತ್ತ. “ಆನೆ ನಾನು.”

ಮೊಮ್ಮಗಳು ತಾತನ ಹೊಟ್ಟೆಯನ್ನು ಒಮ್ಮೆ ನೋಡಿ, ಮರುಮಾತಿಲ್ಲದೆ ಒಪ್ಪಿಕೊಂಡಳು.