ಅಕ್ಕನ ತಲೆಗೆ ಕೆಂಡ

ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ನಾನು ತೂಕಡಿಸುತ್ತಿದ್ದೆ. ಪಾದ್ರಿಗಳ ಒಂದು ಮಾತು ಮಾತ್ರ ಚುಚ್ಚಿ ಎಬ್ಬಿಸಿತು. ಹಗೆಗೆ ಒಳ್ಳೆಯದು ಮಾಡಿದರೆ ಅವನ ತಲೆಯ ಮೇಲೆ ಕೆಂಡ ಸುರಿದ ಹಾಗೆ, ಎಂದರು. ಪ್ರೀತಿಯ ಬಗ್ಗೆ ಇನ್ನೂ ಏನೇನೋ ಹೇಳಿದರು. ನನಗೆ ಕೆಂಡವಷ್ಟೇ ಸಾಕಾಗಿತ್ತು. ಉಳಿದವರೆಲ್ಲ ಈ ವರ್ಷ ಸಿಟ್ಟು ಬಿಡುತ್ತೇನೆ, ಸುಳ್ಳು ಬಿಡುತ್ತೇನೆ ಎಂದು ದೇವರಿಗೆ ಮಾತು ಕೊಡುತ್ತಿದ್ದಾಗ, ನಾನು ಮೊಣಕಾಲೂರಿ, ಅಕ್ಕನಿಗೆ ಒಳ್ಳೆಯದು ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಅಕ್ಕ ನನಗೆ ಮಾಡಿದ್ದು ಇಷ್ಟು: ಅಮ್ಮ ತೀರಿಕೊಂಡದ್ದನ್ನು ಮಣ್ಣು ಮಾಡಿದ ಮೇಲೆ ತಿಳಿಸಿದಳು. ನಮ್ಮಿಬ್ಬರಿಗೆ ಮಾತು ಬಿಟ್ಟಿತ್ತು, ನಿಜ. ಆದರೆ ಜಗಳ ನಮ್ಮದು, ಅಮ್ಮ ಇಬ್ಬರಿಗೂ ಸೇರಿದವಳು. ಎರಡು ಗಂಟೆಯ ದಾರಿಯಲ್ಲಿದ್ದ ನಾನು ಬಂದು ನೋಡಿದ್ದು ಅಮ್ಮನ ಮುಖವನ್ನಲ್ಲ, ಹಸಿ ಮಣ್ಣನ್ನು. ತಪ್ಪು ಮಾಡಿದೆ ಎಂಬ ಮಾತು ಅವಳ ಬಾಯಿಂದ ಉರಿದುಕೊಂಡು ಹೊರಡಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ದೇವರೂ ನನ್ನ ಕಡೆಗೇ ಇದ್ದಂತಿತ್ತು. ಅಕ್ಕ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. ಸೊಂಟ ದಾಟುವ ಕೂದಲು, ಬಾಚುವವರಿಲ್ಲ. ನಾನೋ ಪಾರ್ಲರಿನಲ್ಲಿ ದಿನವಿಡೀ ಕಂಡವರ ತಲೆ ತೊಳೆದು ಹೊಟ್ಟೆ ಹೊರೆಯುವವಳು. ಶನಿವಾರ ಶಾಂಪೂ, ಬಾಚಣಿಗೆ, ಟವೆಲು ಹಿಡಿದು ಅವಳ ಬಾಗಿಲು ತಟ್ಟಿದೆ. ನನ್ನ ಮುಖ ಕಂಡು ಕಂಗಾಲಾಗುತ್ತಾಳೆ ಅಂದುಕೊಂಡಿದ್ದೆ. ಬಂದೆಯಾ, ಗೀಸರ್ ಹಾಕು ಅಂದಳು, ಅಷ್ಟೇ.

ಶನಿವಾರಗಳು ಉರುಳಿದವು. ಎಷ್ಟು ಸುರಿದರೂ ಅಕ್ಕನಿಗೆ ಬಿಸಿ ತಟ್ಟಲಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಸ್ಟೂಲಿನ ಮೇಲೆ ಕೂತು, ಕತ್ತನ್ನು ನನ್ನ ಕೈಗೆ ಬಿಟ್ಟು, ಹಾಯಾಗಿ ಕಣ್ಣು ಮುಚ್ಚುತ್ತಿದ್ದಳು. ಕಿವಿ ಹಿಂದೆ ಸರಿಯಾಗಿ ಉಜ್ಜು ಎಂಬ ಅಪ್ಪಣೆ ಬೇರೆ. ಉರಿಯುತ್ತಿದ್ದವಳು ನಾನು. ಮನೆಗೆ ಬಂದು ಗಂಡನ ಮೇಲೆ ಹರಿಹಾಯುತ್ತಿದ್ದೆ. ಈ ಒಳ್ಳೆಯತನಕ್ಕಿಂತ ಹಳೇ ಸಿಟ್ಟೇ ವಾಸಿಯಿತ್ತು ಮಾರಾಯ್ತಿ ಎಂದು ಅವರು ಕೈ ಮುಗಿದರು.

ಕಳೆದ ಶನಿವಾರ ತಲೆ ತುಂಬ ನೊರೆ ಹಚ್ಚಿದ್ದೆ. ಅಕ್ಕ ಕಣ್ಣು ಮುಚ್ಚಿಕೊಂಡೇ ಸಮಾಧಾನವಾಗಿ ಹೇಳಿದಳು.

"ಹೊಸ ವರ್ಷದ ದಿನ ನಾನೂ ದೇವರಿಗೆ ಮಾತು ಕೊಟ್ಟಿದ್ದೆ ಕಣೇ. ಈ ವರ್ಷ ನಿನ್ನನ್ನ ಕ್ಷಮಿಸಿಬಿಡ್ತೀನಿ ಅಂತ. ನೋಡು, ಆ ವಾರವೇ ನಿನಗೆ ಬುದ್ಧಿ ಬಂತು."

ಮೈಯೆಲ್ಲ ಹತ್ತಿಕೊಂಡಂತಾಯಿತು. ಅವಳು ನನ್ನನ್ನು ಕ್ಷಮಿಸಿದ್ದಳಂತೆ! ಕೈಯಲ್ಲಿ ಮಗ್ಗಿತ್ತು. ನೀರಿಗೆ ಇನ್ನೂ ತಣ್ಣೀರು ಬೆರೆಸಿರಲಿಲ್ಲ, ಹಬೆಯಾಡುತ್ತಿತ್ತು. ಎದುರಿಗೆ ಬಗ್ಗಿದ ಕತ್ತು. ಸುರಿದುಬಿಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಮಗ್ಗನ್ನು ಕೆಳಗಿಟ್ಟೆ.

"ಅಮ್ಮ ಕೊನೆಗೆ ನನ್ನನ್ನ ಕೇಳಿದ್ಲಾ?"

ಅಕ್ಕ ತಲೆ ಎತ್ತಲು ನೋಡಿದಳು. ನಾನು ಬಿಡಲಿಲ್ಲ.

"ಕೇಳಿದ್ಲು," ಅಂದಳು. "ಚಿಕ್ಕವಳು ಬಂದ್ಲಾ, ಚಿಕ್ಕವಳು ಬಂದ್ಲಾ ಅಂತ ಬೆಳಗ್ಗಿಂದ ಕೇಳ್ತಾನೇ ಇದ್ಲು. ಹೇಳಿ ಕಳಿಸಿದೀನಿ, ಬರ್ತಿದಾಳೆ ಅಂದೆ."

"ಹೇಳಿ ಕಳಿಸಿದ್ಯಾ?"

"ಇಲ್ಲ. ಬಾಗಿಲ ಕಡೆ ನೋಡ್ಕೊಂಡೇ ಹೋದ್ಲು. ತಪ್ಪು ಮಾಡ್ದೆ."

ಅಷ್ಟು ಹೇಳಿ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಇದಕ್ಕಾಗಿಯೇ ನಾನು ಕಾದಿದ್ದು. ಬಂತು, ಆದರೆ ಬಾಗಿಲ ಕಡೆ ನೋಡುತ್ತಿರುವ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಬಂತು. ಕ್ಷಮೆಗಾಗಿ ನನ್ನೊಳಗೆ ಹುಡುಕಿದೆ, ಸಿಗಲಿಲ್ಲ.

ತಣ್ಣೀರು ಬೆರೆಸಿ, ಹದ ನೋಡಿ, ಕಣ್ಣಿಗೆ ಒಂದು ಹನಿಯೂ ಇಳಿಯದಂತೆ ನೊರೆ ತೊಳೆದೆ. ಒರೆಸಿ, ಸಿಕ್ಕು ಬಿಡಿಸಿ, ಜಡೆ ಹೆಣೆದೆ. ಇಷ್ಟು ಮೆತ್ತಗೆ ನಾನು ಯಾರ ತಲೆಯನ್ನೂ ಮುಟ್ಟಿದವಳಲ್ಲ. ಅಕ್ಕ ಬೇಡಿಕೊಂಡಳು, ಇನ್ನು ನೀನು ಬರಬೇಡ, ಪಕ್ಕದ ಮನೆಯವಳಿಗೆ ಹೇಳಿಕೊಳ್ಳುತ್ತೇನೆ, ನಿನ್ನ ಕೈ ತಾಕಿದರೆ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ ಎಂದು.

"ಬರ್ತೀನಿ," ಅಂದೆ. "ನಿನ್ನ ಕೈ ಸರಿಹೋದ್ಮೇಲೂ ಬರ್ತೀನಿ."