ಮೆಲ್ಲಗೆ ತಿರುಗಿಸುವ ಯಂತ್ರ

ಮ್ಯೂಸಿಯಂ ಬಾಗಿಲು ತೆರೆಯಲು ಇನ್ನು ಹನ್ನೊಂದು ದಿನ. ಅಷ್ಟರೊಳಗೆ ಅಲ್ಲಿನ ಯಂತ್ರಗಳನ್ನೆಲ್ಲ ಒಮ್ಮೆ ಮಕ್ಕಳ ಕೈಗೆ ಕೊಟ್ಟು ನೋಡುವುದು ಪದ್ಧತಿ. ದೊಡ್ಡವರು ಹಳದಿ ಗೆರೆಯ ಹಿಂದೆ ನಿಲ್ಲಬೇಕು, ತುಟಿಪಿಟಕ್ಕೆನ್ನಬಾರದು. ಯಾರೂ ಹೇಳಿಕೊಡದೆ ಮಕ್ಕಳೇ ಯಂತ್ರದ ಗುಟ್ಟು ಕಂಡುಕೊಳ್ಳಬೇಕು. ಎರಡು ಸಲ ಅವಕಾಶ ಕೊಟ್ಟರೂ ಅರ್ಧ ಗಂಟೆಯಲ್ಲಿ ಐದು ಮಕ್ಕಳಾದರೂ ಕಂಡುಕೊಳ್ಳದಿದ್ದರೆ ಆ ಯಂತ್ರ ಉಗ್ರಾಣ ಸೇರುತ್ತದೆ.

ಬಡಗಿ ಮೇಸ್ತ್ರಿಗಳ ಯಂತ್ರಕ್ಕೆ ಇದು ಎರಡನೆಯ ಪರೀಕ್ಷೆ, ಕೊನೆಯದೂ ಹೌದು. ಎಂಟು ತಿಂಗಳು ಊಟ ನಿದ್ದೆ ಬಿಟ್ಟು ಮಾಡಿದ್ದು. ಓರೆಯಾಗಿ ನಿಂತ ಕೊಳವೆ, ಒಳಗೆ ಮರದ ಸುರುಳಿ, ಕೆಳಗೊಂದು ಹಿಡಿ. ಮೆಲ್ಲಗೆ ತಿರುಗಿಸಿದರೆ ಚೆಂಡು ಸುರುಳಿ ಹತ್ತಿ ತುದಿಯ ಗಂಟೆಗೆ ಬಡಿಯುತ್ತದೆ. ಜೋರಾಗಿ ತಿರುಗಿಸಿದರೆ ನಡುವಿನ ಕಿಂಡಿಯಿಂದ ಹಾರಿ ಬಲೆಗೆ ಬೀಳುತ್ತದೆ. ಮೊದಲ ಪರೀಕ್ಷೆಯಲ್ಲಿ ಮಕ್ಕಳು ಚೆಂಡು ಹಾರಿಸಿ ಹಾರಿಸಿ ಬಲೆ ತುಂಬಿಸಿದ್ದರು. ಗಂಟೆ ಬಾರಿಸಿದವರು ನಾಲ್ಕೇ ಮಂದಿ.

ಕಡಿಮೆ ಬಿದ್ದ ಆ ಒಂದು ಮಗುವಿನ ಆಸೆಗೆ ಮೇಸ್ತ್ರಿಗಳು ಮಾಡಬಾರದ್ದನ್ನು ಮಾಡಿದರು. ಈ ಸಲದ ಗುಂಪಿನಲ್ಲಿ ಅವರ ಏಳು ವರ್ಷದ ಮೊಮ್ಮಗಳೂ ಇದ್ದಳು. ಅಜ್ಜಿಯ ಹೊಲಿಗೆ ಯಂತ್ರದ ಚಕ್ರದ ಮೇಲೆ ಮೂರು ದಿನ ಪಾಠ ನಡೆಯಿತು.

"ಮೆಲ್ಲಗೆ ಮರಿ, ಮೆಲ್ಲಗೆ. ಜೋರು ಮಾಡಿದ್ಯೋ, ಎಲ್ಲಾ ಕೆಟ್ಟುಹೋಗತ್ತೆ."

ಏನೂ ಕೆಡುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹೆದರಿಸಿದರೆ ಪಾಠ ಬೇಗ ತಲೆಗೆ ಹತ್ತುತ್ತದೆ ಎಂಬ ಲೆಕ್ಕಾಚಾರ, ಅಷ್ಟೇ.

"ನಿಮಗೇನು ಬುದ್ಧಿಗಿದ್ಧಿ ಇದ್ಯಾ? ಮಗು ಆಡೋಕೆ ಹೋಗ್ತಿದೆಯೋ, ಕೆಲಸಕ್ಕೆ ಸೇರ್ತಿದೆಯೋ?" ಎಂದರು ಅಜ್ಜಿ. ಮೇಸ್ತ್ರಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಹದಿನಾಲ್ಕು ಮಕ್ಕಳು ಒಳಗೆ ನುಗ್ಗಿದರು. ಮೊಮ್ಮಗಳು ಅತ್ತಿತ್ತ ನೋಡದೆ ನೆಟ್ಟಗೆ ತಾತನ ಯಂತ್ರದ ಹತ್ತಿರ ಬಂದಳು. ಹಿಡಿಯನ್ನು ನಾಜೂಕಾಗಿ ತಿರುಗಿಸಿದಳು. ಟಣ್! ಗಡಿಯಾರ ಹಿಡಿದು ಲೆಕ್ಕ ಬರೆಯುತ್ತಿದ್ದ ಮ್ಯೂಸಿಯಂ ಮೇಡಂ ಕಾಗದದ ಮೇಲೆ ಒಂದು ಗೀಟು ಎಳೆದರು. ಗೆರೆಯ ಹಿಂದೆ ಮೇಸ್ತ್ರಿಗಳ ಎದೆ ಒಂದು ಗೇಣು ಉಬ್ಬಿತು.

ಅಷ್ಟರಲ್ಲಿ ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ಬಂದು ಹಿಡಿಗೆ ಕೈ ಹಾಕಿ ಗಿರ್ರನೆ ತಿರುಗಿಸಹೊರಟ. ಇವಳು ಅವನ ಕೈ ಹಿಡಿದೇಬಿಟ್ಟಳು.

"ಹಾಗಲ್ಲ ಕಣೋ! ಮೆಲ್ಲಗೆ! ಕೆಡಿಸ್ತೀಯಾ ನೀನು."

ಹುಡುಗ ಇನ್ನೊಮ್ಮೆ ಕೈ ಚಾಚಿದ. "ಬಿಡು ಬಿಡು, ನಿನ್ನ ಕೈಲಾಗಲ್ಲ," ಎಂದಳು ಇವಳು. ಅವನು ಮುಖ ಊದಿಸಿಕೊಂಡು, ಮಕ್ಕಳು ತಮ್ಮ ನೆರಳು ಬೀಳಿಸಿ ಆಡುವ ಪಕ್ಕದ ನೆರಳಿನ ಗೋಡೆಯ ಕಡೆ ಹೋದ. ಆಮೇಲೆ ಬಂದ ಅಕ್ಕತಂಗಿಯರಿಗೂ ಇದೇ ಪೂಜೆ. "ಹೇಳಿದ್ದು ಕೇಳದೆ ಇದ್ರೆ ಮುಟ್ಟಲೇಬೇಡಿ." ಕೆಲಸದ ಕೊಟ್ಟಿಗೆಯಲ್ಲಿ ಮೇಸ್ತ್ರಿಗಳು ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ದನಿಯೂ ಅವರದೇ.

ಹತ್ತು ನಿಮಿಷದಲ್ಲಿ ಯಂತ್ರದ ಬಳಿ ನರಪಿಳ್ಳೆಯೂ ಉಳಿಯಲಿಲ್ಲ, ಅವಳೊಬ್ಬಳನ್ನು ಬಿಟ್ಟು. ನೆರಳಿನ ಗೋಡೆಯ ಮುಂದೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅವಳು ಅತ್ತ ಕದ್ದು ನೋಡುವಳು, ಮತ್ತೆ ಹಿಡಿ ತಿರುಗಿಸುವಳು. ಪ್ರತಿ ಟಣ್‌ಗೂ ತಾತನ ಮುಖ ನೋಡುವಳು. ಒಂದೇ ಮಗು ನೂರು ಸಲ ಬಾರಿಸಿದರೂ ಗೀಟು ಒಂದೇ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಹೋಗಿ ಆಡಿಕೋ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಬಾಯಿ ಬಿಟ್ಟರೆ ಪರೀಕ್ಷೆ ರದ್ದು. ಇನ್ನೂ ನಾಲ್ಕು ಮಕ್ಕಳು ಬಂದಾರು ಎಂಬ ಆಸೆ ಮೇಸ್ತ್ರಿಗಳನ್ನು ಬಿಡಲಿಲ್ಲ. ಅರ್ಧ ಗಂಟೆಯೂ ಬಾಯಿಗೆ ಬೀಗ ಹಾಕಿಕೊಂಡೇ ನಿಂತರು.

ಮೇಡಂ ಸೀಟಿ ಊದಿದರು. "ಒಂದು," ಎಂದು ಓದಿ ಹೇಳಿ ಮುಂದಿನ ಕೋಣೆಗೆ ನಡೆದರು. ಮಕ್ಕಳೂ ಹೋದರು. ಯಂತ್ರವನ್ನು ಉಗ್ರಾಣಕ್ಕೆ ಸಾಗಿಸಲು ಇಬ್ಬರು ಆಳುಗಳು ಹಗ್ಗ ತಂದರು.

"ಎಲ್ಲಾ ಸರಿಯಾಗಿ ಮಾಡಿದ್ನಾ ತಾತ?"

"ಮಾಡಿದೆ ಮರಿ." ಮೇಸ್ತ್ರಿಗಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನೀನು ಏನೂ ಆಡಲೇ ಇಲ್ವಲ್ಲ. ಬಾ, ಈಗ ಜೋರಾಗಿ ತಿರುಗಿಸು. ಎಷ್ಟು ಜೋರು ಬೇಕೋ ಅಷ್ಟು."

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಾನು ಮುಟ್ಟಲ್ಲ."

"ಏನೂ ಆಗಲ್ಲ ಕಣೇ, ನೋಡಿಲ್ಲಿ," ಎಂದು ಮೇಸ್ತ್ರಿಗಳೇ ಹಿಡಿಯನ್ನು ಗಿರ್ರನೆ ತಿರುಗಿಸಿದರು. ಚೆಂಡುಗಳು ಪಟಪಟನೆ ಹಾರಿ ಬಲೆಗೆ ಬಿದ್ದವು. ಅವಳು ನಗಲಿಲ್ಲ. ಯಾರಾದರೂ ತಾತನಿಗೆ ಬೈಯುತ್ತಾರೇನೋ ಎಂದು ಬಾಗಿಲ ಕಡೆ ನೋಡಿದಳು.