ದರ್ಜಿಯ ಕಾರ್ಡಿನಲ್ಲಿದ್ದ ಸೊಂಟ

"ಇನ್ನೊಂದ್ಸಲ ಎಳೀರೋ!" ಎಂದೆ. ಸೊಂಟದ ವಿಷಯದಲ್ಲಿ ನನ್ನ ಮಾತಿಗೆ ಎದುರಿಲ್ಲ. ಮೂವತ್ತು ವರ್ಷದಿಂದ ನನ್ನದು ಒಂದು ನೂಲೂ ಹೆಚ್ಚಿಲ್ಲ. ಅದರ ಅಳತೆ ಕೇಳಿಕೊಂಡು ಕಾಡಿನ ಚಿರತೆಗಳು ನನ್ನ ಗಡಿಯಾರ ರಿಪೇರಿ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತದ್ದುಂಟು.

ಆದರೆ ಅವತ್ತು ಪಕ್ಕದ ಅಂಗಡಿಯ ದರ್ಜಿಯ ಹೆಣಕ್ಕೆ ಅವನ ಒಳ್ಳೆಯ ಪ್ಯಾಂಟು ತೊಡಿಸಲು ನಾನು, ಅವನ ಮಗ, ಅಳಿಯ ಮೂವರೂ ಏದುಸಿರು ಬಿಟ್ಟರೂ ಗುಂಡಿ ಕಾಜಕ್ಕೆ ಸೇರಲಿಲ್ಲ. ಊರಿಗೆಲ್ಲ ಪ್ಯಾಂಟು ಸಡಿಲ ಮಾಡಿಕೊಟ್ಟವನು ತನ್ನದನ್ನು ಮಾಡಿಕೊಂಡಿರಲಿಲ್ಲ.

"ಬಿಡ್ರೋ, ಅವರಿಗೆ ನೋವಾಗುತ್ತೆ. ಹಿಂದಿನ ಹೊಲಿಗೆ ಬಿಚ್ತೀನಿ," ಎಂದು ಅತ್ತಿಗೆ, ಅಂದರೆ ದರ್ಜಿಯ ಹೆಂಡತಿ, ಕತ್ತರಿ ತಂದರು.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ಸಿಸ್ಟರ್ ದರ್ಜಿಯ ಹೆಸರಿನ ಹಳೆಯ ತಪಾಸಣೆ ಕಾರ್ಡು ಹಿಡಿದು ಬಂದರು. "ಕೊಬ್ಬು, ಸಕ್ಕರೆ, ಬೀಪಿ ಎಲ್ಲಾ ಸರಿಯಾಗಿತ್ತಲ್ಲಮ್ಮ! ಈ ಬೀದೀಲಿ ಇವರೊಬ್ಬರದೇ ಹಂಗಿದ್ದದ್ದು. ಹೃದಯದ ರಕ್ತನಾಳ ಕಟ್ಕೊಳ್ತು ಅಂದ್ರೆ ಹೆಂಗೆ ನಂಬೋದು?"

ಅತ್ತಿಗೆಯ ಕೈ ನಿಂತಿತು. "ನಾನೇ ತಿನ್ನಿಸಿ ಕೊಂದೆ, ಸಿಸ್ಟರ್. ರಿಪೋರ್ಟು ಚೆನ್ನಾಗಿದೆ ಅಂದ್ರು ಅಂತ ಬಚ್ಚಿಟ್ಟಿದ್ದ ಬೆಣ್ಣೆ ಡಬ್ಬಿ ಹೊರಗಿಟ್ಟೆ. ಸಿಗರೇಟಿಗೂ ಬೈಯೋದು ಬಿಟ್ಟೆ."

ನನ್ನ ಎದೆಯೊಳಗಿನ ಗಡಿಯಾರ ನಿಂತೇಹೋಯಿತು.

*

ಬೀದಿಯ ಸೊಂಟಗಳು ಉಬ್ಬುತ್ತಿರುವುದು ಐದು ವರ್ಷದ ಹಿಂದೆ ಎಲ್ಲರಿಗಿಂತ ಮೊದಲು ಗೊತ್ತಾದದ್ದು ದರ್ಜಿಗೆ. ಬೇಕರಿಯವನು, ಮೇಷ್ಟ್ರು, ಬಸ್ ಡ್ರೈವರ್, ಯಾರೇ ಪ್ಯಾಂಟು ಬಿಗಿಯೆಂದು ಬಂದರೂ "ಒಗೆದಾಗ ಬಟ್ಟೆ ಕುಗ್ಗಿದೆ, ನೀವು ಹಂಗೇ ಇದೀರಿ" ಎಂದು ಗುಟ್ಟಾಗಿ ಬಿಚ್ಚಿ ಹೊಲಿದುಕೊಡುತ್ತಿದ್ದ. ಯಾರ ಸೊಂಟದ ಮಾನವನ್ನೂ ಕಳೆದವನಲ್ಲ.

ಅದೇ ವರ್ಷ ಶಾಲೆಯಲ್ಲಿ ಬೀದಿಯವರ ರಕ್ತ ತಪಾಸಣೆ ಇಟ್ಟ ದಿನ ಮಾತ್ರ ಬೆವತುಹೋದ.

"ದಿನವಿಡೀ ಸೂಜಿ ಹಿಡಿಯೋನು, ಸೂಜಿಗೆ ಹೆದರ್ತೀಯಾ?" ಎಂದೆ.

"ನಾನು ಚುಚ್ಚೋನಪ್ಪ, ಚುಚ್ಚಿಸ್ಕೊಳ್ಳೋನಲ್ಲ. ಲೋ ಬಡಾಯಿ, ನನ್ನ ಹೆಸರಲ್ಲಿ ನೀನೇ ಹೋಗಿ ಬಾರೋ. ನಿನ್ನಂಥ ರಕ್ತ ಭೂಮಂಡಲದಲ್ಲೇ ಇಲ್ಲ ಅಂತೀಯಲ್ಲ!"

ಹೊಗಳಿದರೆ ನಾನು ಬಾವಿಗೂ ಹಾರುವವನು. ಹೋದೆ. ತಪಾಸಣೆಗೆ ಬಂದವರು ಪರವೂರಿನವರು. ಅವನ ಹೆಸರು ಬರೆದುಕೊಂಡು ನನ್ನ ಸೊಂಟ ಅಳೆದರು, ನನ್ನ ರಕ್ತ ತೆಗೆದರು. ನನ್ನ ಹೆಸರು ನಾನು ಬರೆಸಲೇ ಇಲ್ಲ.

*

ಇಷ್ಟು ವರ್ಷ ಕೇಂದ್ರದ ಕಪಾಟಿನಲ್ಲಿದ್ದ ಆ ಕಾರ್ಡನ್ನು ಅತ್ತಿಗೆ ಈಗ ಮೊದಲ ಸಲ ಕೈಗೆತ್ತಿಕೊಂಡರು. ಕಾಜ ಹೊಲಿದು ಬೆರಳು ಸವೆಸಿದವರು. ಮುಖ ಮರೆತರೂ ಅಳತೆ ಮರೆಯುವವರಲ್ಲ.

"ಸೊಂಟ ಮೂವತ್ತೆರಡಾ? ಮದುವೆ ದಿನಾನೇ ಇವರದ್ದು ಮೂವತ್ತಾರು!" ಕಣ್ಣು ನಿಧಾನವಾಗಿ ನನ್ನತ್ತ ತಿರುಗಿತು. "ಬಡಾಯಿ, ಮೂವತ್ತೆರಡು ಮೂವತ್ತೆರಡು ಅಂತ ಬೀದಿಗೆಲ್ಲ ಸಾರೋನು ಯಾರೋ?"

ಚಿರತೆಗಳೆಲ್ಲ ಕಾಡಿಗೆ ಓಡಿಹೋದವು.

"ನಂದೇ ಅತ್ತಿಗೆ. ಸೊಂಟಾನೂ ನಂದೇ, ರಕ್ತಾನೂ ನಂದೇ. ನಿಮ್ಮ ಬೆಣ್ಣೆ ಮೇಲೆ ತಪ್ಪು ಹೊರಿಸ್ಬೇಡಿ. ಅವತ್ತು ನಾನು ಎಳ್ಕೊಂಡು ಹೋಗಿದ್ರೆ ಅವನು ಬರ್ತಿದ್ದ. ದೊಡ್ಡವನಾಗೋಕೆ ನಾನೇ ಹೋದೆ."

ಹೊಡೆಯಲಿ ಎಂದು ಕೆನ್ನೆ ಸಿದ್ಧಮಾಡಿಕೊಂಡೆ. ಅತ್ತಿಗೆ ಗೂಟದಲ್ಲಿದ್ದ ಗಂಡನ ಟೇಪು ತೆಗೆದು ನನ್ನ ಸೊಂಟಕ್ಕೆ ಸುತ್ತಿದರು.

"ಮೂವತ್ತೇಳು," ಎಂದರು. "ಬಟ್ಟೆ ಕುಗ್ಗಿದೆ ಅಂತ ನಿಂಗೂ ಹೇಳಿದ್ರೇನೋ?"

"ನಾಳೆ ಬನ್ನಿ," ಎಂದರು ಸಿಸ್ಟರ್. "ನಿಮ್ಮ ಹೆಸರಲ್ಲೇ."

ನಾನು ನನ್ನ ಪ್ಯಾಂಟಿನ ಪಟ್ಟಿಯನ್ನು ಮಗುಚಿ ನೋಡಿದೆ. ಬಿಚ್ಚಿದ ಹಳೆಯ ಹೊಲಿಗೆಗಳ ಸೂಜಿತೂತುಗಳು, ಒಂದರ ಪಕ್ಕ ಒಂದು, ಮೂರು ಸಾಲು. ಅವುಗಳಾಚೆ ಕೊನೆಯ ಹೊಲಿಗೆಯ ದಾರ ಇನ್ನೂ ಹೊಳೆಯುತ್ತಿತ್ತು.